ಸಂಪಾದಕರ ಉತ್ತರ: ಸುಂದರಬನದ ಕಾಡು ಮತ್ತು ಬೋನಬೀಬಿಯ ಆಟ

ಕುಮಟಾದ ಓದುಗರೇ,

ಪಶ್ಚಿಮ ಬಂಗಾಳದ ಸುಂದರಬನದಿಂದ ಮರಳಿ ನೀವು ಬರೆದ ಪತ್ರದಲ್ಲಿ ಎರಡು ದೂರುಗಳಿವೆ. ದಿನವಿಡೀ ದೋಣಿಯಲ್ಲಿ ಕುಳಿತರೂ ಹುಲಿ ಕಾಣಲಿಲ್ಲ, ಕಂಡದ್ದೆಲ್ಲ ಕೆಸರು ಮತ್ತು ಅಘನಾಶಿನಿಯ ಅಳಿವೆಯಲ್ಲೂ ಇರುವಂಥ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಎಂಬುದು ಒಂದು. ರಾತ್ರಿ ವಸತಿಗೃಹದ ಅಂಗಳದಲ್ಲಿ ಆಡಿದ, ಕಾಡಿನ ಕಾವಲುದೇವತೆ ಬೋನಬೀಬಿಯ ಕಥೆಯ ಆಟಕ್ಕೂ ಕಾಡಿಗೂ ಏನು ಸಂಬಂಧ, ಅದು ಪ್ರವಾಸಿಗರನ್ನು ರಂಜಿಸುವ ಪ್ರದರ್ಶನ ಮಾತ್ರವಲ್ಲವೇ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ.

ನೀವು ನೋಡಿದ್ದು ಒಂದು ತಾಸಿಗೆ ಇಳಿಸಿದ ಆಟ, ನಿಜ. ಆದರೆ ಕಥೆ ನೆನಪಿಸಿಕೊಳ್ಳಿ. ಜೇನಿನ ವ್ಯಾಪಾರಿ ಧೋನಾ ಬಡ ವಿಧವೆಯ ಮಗ ದುಖೆಯನ್ನು ಕಾಡಿಗೆ ಕರೆದೊಯ್ಯುತ್ತಾನೆ. ಹುಲಿಯ ರೂಪ ತಾಳುವ ದಕ್ಖಿನ್ ರಾಯ್, ಹುಡುಗನನ್ನು ಬಿಟ್ಟುಹೋದರೆ ದೋಣಿ ತುಂಬ ಜೇನು, ಮೇಣ ಕೊಡುವುದಾಗಿ ಹೇಳುತ್ತಾನೆ. ಧೋನಾ ಒಪ್ಪುತ್ತಾನೆ. ನಡುಗಡ್ಡೆಯಲ್ಲಿ ಒಂಟಿಯಾದ ದುಖೆ ಕೂಗಿದಾಗ ಬೋನಬೀಬಿ ಬಂದು ಕಾಯುತ್ತಾಳೆ, ಮೊಸಳೆಯ ಬೆನ್ನ ಮೇಲೆ ಅವನನ್ನು ಊರಿಗೆ ಕಳುಹಿಸುತ್ತಾಳೆ. ಬೋನಬೀಬಿ ಮೆಕ್ಕಾದ ಫಕೀರನ ಮಗಳು. ಅವಳ ಕಥೆಯ ಬಂಗಾಳಿ ಪುಸ್ತಿಕೆಗಳು ಅರಬ್ಬಿ ಪುಸ್ತಕದಂತೆ ಬಲಗಡೆಯಿಂದ ತೆರೆದುಕೊಳ್ಳುತ್ತವೆ. ಹಿಂದೂಗಳೂ ಮುಸ್ಲಿಮರೂ ಅವಳಿಗೆ ಕೈಮುಗಿದೇ ಕಾಡಿಗೆ ಇಳಿಯುತ್ತಾರೆ.

ಅವಳ ಕಟ್ಟಳೆ ಇಷ್ಟೇ: ಬರಿಗೈಯಲ್ಲಿ ಬಾ, ಹೊಟ್ಟೆಗೆ ಬೇಕಾದಷ್ಟನ್ನು ಮಾತ್ರ ಒಯ್ಯಿ. ಏಪ್ರಿಲ್‌ನಲ್ಲಿ ಜೇನು ಕೊಯ್ಯುವವರು, ಏಡಿ ಹಿಡಿಯುವವರು ಹುಲಿಯ ನೆಲಕ್ಕೆ ಕಾಲಿಡುವುದು ಈ ಒಪ್ಪಂದದ ಮೇಲೆ. ಅವರಲ್ಲಿ ಕೆಲವರು ಮರಳುವುದಿಲ್ಲ. ನಿಷಿದ್ಧ ವಲಯದಲ್ಲಿ ಸತ್ತವನ ಮನೆಯವರು ಪರಿಹಾರ ಕೇಳುವುದಕ್ಕೂ ಅಂಜುತ್ತಾರೆ. ಹಾಗಿರುವಾಗ ಆ ಆಟವನ್ನು ಕಾಡಿಗೆ ಸಂಬಂಧಿಸದ ಮನರಂಜನೆ ಎನ್ನಲು ನನ್ನಿಂದಾಗದು. ಕಾಡನ್ನು ಹೇಗೆ ಬಳಸಬೇಕೆಂದು ಅಲ್ಲಿಯ ಜನ ಮಾಡಿಕೊಂಡ ಕಾನೂನು ಅದು.

ಅದೇ ರಾತ್ರಿ ನೀವು ನೋಡಿದ ಝುಮುರ್ ಕುಣಿತದ ಬಗೆಗೂ ಒಂದು ಮಾತು. ಅದನ್ನು ಕುಣಿಯುವ ಮುಂಡಾ, ಒರಾಂವ್ ಬುಡಕಟ್ಟು ಜನರ ಹಿರಿಯರನ್ನು ಬ್ರಿಟಿಷರ ಕಾಲದಲ್ಲಿ ಈಗಿನ ಜಾರ್ಖಂಡ್ ಕಡೆಯ ಛೋಟಾನಾಗಪುರದಿಂದ ಕರೆತಂದದ್ದು ಕಾಡು ಕಡಿದು ಒಡ್ಡು ಕಟ್ಟಲು. 2009ರ ಮೇ ತಿಂಗಳ ಐಲಾ ಚಂಡಮಾರುತ ಇಂಥ ಒಡ್ಡುಗಳನ್ನು ಒಡೆದು ಗದ್ದೆಗಳಿಗೆ ಉಪ್ಪುನೀರು ನುಗ್ಗಿಸಿತು. ಎಷ್ಟೋ ಗಂಡಸರು ಕೂಲಿಗಾಗಿ ದೂರದ ರಾಜ್ಯಗಳಿಗೆ ಹೊರಟರು.

ಇನ್ನು ಹುಲಿ. ಭಾರತದ ಭಾಗದ ಸುಮಾರು 4,200 ಚದರ ಕಿಲೋಮೀಟರ್ ಕಾಡಿನಲ್ಲಿ ಅವು ಇರುವುದು ನೂರರ ಆಸುಪಾಸು. ದೋಣಿ ಸಾಗುವುದು ಹೊಳೆಯಲ್ಲಿ, ಹುಲಿ ಇರುವುದು ಗಿಡಗಳ ಮರೆಯಲ್ಲಿ. ಕಾಣದಿರುವುದೇ ಸಹಜ. ನೀವು ಬೇಸರಿಸಿದ ಕೆಸರಿನಲ್ಲೇ ಅಲ್ಲಿನ ವನ್ಯಜೀವಿಗಳು ಸಿಗುತ್ತವೆ. ದಿನಕ್ಕೆರಡು ಸಲ ನೀರು ಇಳಿದಾಗ ಕೆಸರಿನ ಮೇಲೆ ತೆವಳುವ ಮೀನುಗಳು, ಒಂದೇ ದೊಡ್ಡ ಕೊಂಡಿ ಎತ್ತಿ ಆಡಿಸುವ ಏಡಿಗಳು, ಬಿಸಿಲು ಕಾಯುವ ಉಪ್ಪುನೀರಿನ ಮೊಸಳೆ, ಬಗೆಬಗೆಯ ಮಿಂಚುಳ್ಳಿಗಳು ಕಾಣಿಸುತ್ತವೆ. ಸುಂದರಿ ಮರದ ಉಸಿರುಬೇರುಗಳು ಗೂಟ ನೆಟ್ಟಂತೆ ಮೇಲೆದ್ದು ನಿಲ್ಲುತ್ತವೆ. ಹುಲಿ ಹೊಳೆ ದಾಟಿದ್ದರೆ ಹೆಜ್ಜೆ ಮೂಡುವುದೂ ಅಲ್ಲಿಯೇ.

ಮತ್ತೆ ಹೋಗುವುದಾದರೆ ಮಕರ ಸಂಕ್ರಾಂತಿಯ ಹೊತ್ತಿಗೆ ಹೋಗಿ. ಆ ದಿನಗಳಲ್ಲಿ ಹಳ್ಳಿಗಳಲ್ಲಿ ಬೋನಬೀಬಿಯ ಪೂಜೆ ನಡೆಯುತ್ತದೆ, ಆಟವನ್ನು ಊರವರೇ ತಮಗಾಗಿ ಆಡುತ್ತಾರೆ. ದ್ವೀಪದವರದೇ ದೋಣಿ ಹಿಡಿಯಿರಿ, ಅವರ ಮನೆಯಲ್ಲೇ ಉಳಿಯಿರಿ. ಹಣ ಕೋಲ್ಕತ್ತಾದ ಏಜೆಂಟರಿಗಿಂತ ಅವರ ಕೈಸೇರಲಿ. ಹುಲಿಗೆ ಗಂಡನನ್ನು ಕಳೆದುಕೊಂಡ ಹೆಂಗಸರ ಕೇರಿಯನ್ನು ತೋರಿಸುತ್ತೇವೆಂದು ಯಾರಾದರೂ ಕರೆದರೆ ದಯವಿಟ್ಟು ಹೋಗಬೇಡಿ. ದೋಣಿ ಗೊತ್ತುಮಾಡುವಾಗ ಅಂದಿನ ಇಳಿತದ ವೇಳೆಯನ್ನು ಮೊದಲು ಕೇಳಿಕೊಳ್ಳಿ.

— ಸಂಪಾದಕ