ಅಜೂರ್‌ನಲ್ಲಿ ಸರ್ವಿಸ್ ಬ್ರೋಕರ್ ಇಲ್ಲ, ಸರ್ವಿಸ್ ಬಸ್ ಹಾಕಿದರೆ ಸಾಕಾ?

ಎಸ್‌ಕ್ಯೂಎಲ್ ಸರ್ವರ್‌ನಿಂದ ಮೈಕ್ರೋಸಾಫ್ಟ್ ಕ್ಲೌಡ್ ಆದ ಅಜೂರ್‌ನ ಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಹೋಗುತ್ತಿದ್ದೀರಿ, ಅಲ್ಲಿ ಸರ್ವಿಸ್ ಬ್ರೋಕರ್ (ಡೇಟಾಬೇಸಿನೊಳಗೇ ಮೆಸೇಜ್ ಕ್ಯೂ ನಡೆಸುವ ಸೌಲಭ್ಯ) ನಡೆಯುವುದಿಲ್ಲ, ಅದರ ಬದಲು ಅಜೂರ್ ಸರ್ವಿಸ್ ಬಸ್ (ಕ್ಲೌಡ್‌ನ ಮೆಸೇಜ್ ಕ್ಯೂ ಸೇವೆ) ಹಾಕಿದರೆ ಆಯಿತಾ ಅಂತ ಕೇಳಿದ್ದೀರಿ. ಬಸ್ ಒಂದೇ ಸಾಲದು. ಅದರ ಮುಂದೆ ನಿಮ್ಮದೇ ಒಂದು ಟೇಬಲ್ ಬೇಕು.

ನಾನು ಕಲಬುರಗಿಯಲ್ಲಿ ದಾಲ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ತೊಗರಿ ಸುಗ್ಗಿಯಲ್ಲಿ ಕಾಟಾದ ಮುಂದೆ ಲಾರಿಗಳ ಸಾಲು. ತೂಕದ ಚೀಟಿ ಸೇವ್ ಆದ ಕೂಡಲೇ ಬ್ರೋಕರ್ ಕ್ಯೂಗೆ ಒಂದು ಮೆಸೇಜ್ ಬೀಳುತ್ತದೆ. ಸ್ಟಾಕ್ ಏರುವುದು, ರೈತರಿಗೆ ಎಸ್‌ಎಂಎಸ್ ಹೋಗುವುದು ಎಲ್ಲ ಅದರಿಂದಲೇ. 2005ರ ಆವೃತ್ತಿಯಲ್ಲಿ ಬಂದ ಈ ಬ್ರೋಕರ್‌ನ ದೊಡ್ಡ ಗುಣ ಅಂದರೆ ಚೀಟಿ, ಮೆಸೇಜ್ ಎರಡೂ ಒಂದೇ ಟ್ರಾನ್ಸಾಕ್ಷನ್, ಆದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ. ಚೀಟಿ ರೋಲ್‌ಬ್ಯಾಕ್ ಆದರೆ, ಅಂದರೆ ಬರೆದದ್ದು ರದ್ದಾದರೆ, ಮೆಸೇಜೂ ಇಲ್ಲ.

ಸರ್ವಿಸ್ ಬಸ್ ಡೇಟಾಬೇಸಿನ ಹೊರಗಿದೆ. ಕಮಿಟ್ ಆದ ಮೇಲೆ (ಚೀಟಿ ಪಕ್ಕಾ ಸೇವ್ ಆದ ಮೇಲೆ) ನೆಟ್‌ವರ್ಕ್ ಹೋದರೆ ಮೆಸೇಜ್ ಹೋಗದೆ ಸ್ಟಾಕ್ ಏರುವುದಿಲ್ಲ. ಮೊದಲೇ ಕಳಿಸಿ ಆಮೇಲೆ ರೋಲ್‌ಬ್ಯಾಕ್ ಆದರೆ, ಇಲ್ಲದ ಚೀಟಿಗೆ ಎಸ್‌ಎಂಎಸ್! ಗಂಜ್‌ನಿಂದ (ಮಾರುಕಟ್ಟೆಯಿಂದ) ಬರುವ ಫೋನ್‌ಗಳಿಗೆ ಆಮೇಲೆ ನೀವೇ ಉತ್ತರ ಕೊಡಬೇಕು.

ಅದಕ್ಕೇ ಔಟ್‌ಬಾಕ್ಸ್ ಟೇಬಲ್, ಅಂದರೆ ಕಳಿಸಬೇಕಾದ ಮೆಸೇಜ್‌ಗಳನ್ನು ಇಡುವ ಟೇಬಲ್. ಚೀಟಿ ಬರೆಯುವ ಟ್ರಾನ್ಸಾಕ್ಷನ್‌ನಲ್ಲೇ ಅಲ್ಲೂ ಒಂದು ಸಾಲು ಬರೆಯಿರಿ. ಅಜೂರ್ ಫಂಕ್ಷನ್ (ಕ್ಲೌಡ್‌ನಲ್ಲಿ ಓಡುವ ಸಣ್ಣ ಪ್ರೋಗ್ರಾಂ) ಒಂದು ಅದನ್ನು ಓದಿ ಬಸ್‌ಗೆ ಕಳಿಸಲಿ, ಕಳಿಸಿದ ಮೇಲೆ ಗುರುತು ಹಾಕಲಿ. ನಡುವೆ ಫಂಕ್ಷನ್ ಸತ್ತರೆ ಅದೇ ಮೆಸೇಜ್ ಎರಡು ಸಲ ಹೋಗುತ್ತದೆ. ಹೋಗಲಿ ಬಿಡಿ, ಪಡೆಯುವ ಕಡೆ ಮೆಸೇಜ್ ಐಡಿಗೆ ಯೂನಿಕ್ ಕೀ (ಅದೇ ಐಡಿ ಮತ್ತೆ ಬರದಂತೆ ತಡೆ) ಇದ್ದರೆ ಎರಡನೆಯದು ತಾನೇ ಬಿದ್ದುಹೋಗುತ್ತದೆ. ಬಸ್‌ನ ಡೂಪ್ಲಿಕೇಟ್ ಡಿಟೆಕ್ಷನ್ (ಮತ್ತೆ ಬಂದ ಮೆಸೇಜ್ ಗುರುತಿಸಿ ಬಿಡುವುದು) ಒಂದನ್ನೇ ನಂಬಬೇಡಿ. ಅದರ ನೆನಪು ಸುಮ್ನೆ ಬಿಟ್ಟರೆ 10 ನಿಮಿಷ, ಜಾಸ್ತಿ ಅಂದರೆ 7 ದಿನ.

ಬ್ರೋಕರ್‌ನಲ್ಲಿ ಕಾನ್ವರ್ಸೇಷನ್ (ಎರಡು ಕಡೆಯ ನಡುವಿನ ಮೆಸೇಜ್‌ಗಳ ಗುಂಪು) ಕೊಡುತ್ತಿದ್ದ ಸರದಿ ಬೇಕಿದ್ದರೆ ಬಸ್‌ನಲ್ಲಿ ಸೆಷನ್ ಹಾಕಿ, ಅದು ಒಂದು ಗುಂಪಿನ ಮೆಸೇಜ್‌ಗಳನ್ನು ಸರದಿಯಲ್ಲೇ ಕೊಡುತ್ತದೆ. ಬೇಸಿಕ್ ಪ್ಲಾನ್‌ನಲ್ಲಿ ಸೆಷನ್ ಇಲ್ಲ, ಸ್ಟ್ಯಾಂಡರ್ಡ್ ತಗೊಳ್ಳಿ. ಅಲ್ಲಿ ಒಂದು ಮೆಸೇಜ್ 256 ಕೆಬಿ ಮೀರುವಂತಿಲ್ಲ. ದೊಡ್ಡ ಎಕ್ಸ್‌ಎಂಎಲ್ ಇದ್ದರೆ ಬ್ಲಾಬ್‌ನಲ್ಲಿ (ಅಜೂರ್‌ನ ಫೈಲ್ ಸಂಗ್ರಹದಲ್ಲಿ) ಇಟ್ಟು ವಿಳಾಸ ಮಾತ್ರ ಕಳಿಸಿ.

ಇನ್ನೊಂದು ವಿಷಯ ಜಾಸ್ತಿ ಜನ ನೋಡುವುದೇ ಇಲ್ಲ. ಬ್ರೋಕರ್‌ನಲ್ಲಿ ಒಂದು ಮೆಸೇಜ್ ಸತತ 5 ಸಲ ರೋಲ್‌ಬ್ಯಾಕ್ ಆದರೆ ಕ್ಯೂ ಬಂದ್ ಆಗುತ್ತದೆ. ಕೆಲಸ ನಿಲ್ಲುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಸರ್ವಿಸ್ ಬಸ್ 10 ಸಲ ನೋಡಿ ಆ ಮೆಸೇಜನ್ನು ಡೆಡ್ ಲೆಟರ್ ಕ್ಯೂಗೆ (ಆಗದ ಮೆಸೇಜ್‌ಗಳನ್ನು ಬದಿಗಿಡುವ ಕ್ಯೂಗೆ) ಸರಿಸುತ್ತದೆ. ಉಳಿದದ್ದು ಓಡುತ್ತಲೇ ಇರುತ್ತದೆ, ಯಾರಿಗೂ ಸುಳಿವಿಲ್ಲ. ಆ ಕ್ಯೂಗೆ ಅಲರ್ಟ್ ಹಾಕದೆ ಲೈವ್ ಹೋಗಬೇಡಿ.

ಮೆಸೇಜ್ ಡೇಟಾಬೇಸ್ ಬಿಟ್ಟು ಹೊರಗೇ ಹೋಗುವುದಿಲ್ಲ ಅಂದರೆ ಬಸ್ ಯಾಕೆ, ಅಲ್ವಾ? ಟೇಬಲ್ಲೇ ಕ್ಯೂ ಆಗಲಿ. ರೀಡ್‌ಪಾಸ್ಟ್ (ಬೇರೆಯವರು ಹಿಡಿದ ಸಾಲು ಬಿಟ್ಟು ಮುಂದೆ ಹೋಗುವುದು), ಅಪ್‌ಡ್‌ಲಾಕ್ (ತಾನು ಓದಿದ ಸಾಲು ಹಿಡಿದಿಡುವುದು) ಹಿಂಟ್ ಹಾಕಿ ಸಾಲು ಎತ್ತಿಕೊಳ್ಳಿ. ಆದರೆ ಸಾಲು ಬಂದಾಗ ಪ್ರೊಸೀಜರ್ ಎಬ್ಬಿಸಲು ಬ್ರೋಕರ್‌ನ ಆಕ್ಟಿವೇಷನ್ ಇಲ್ಲಿ ಇಲ್ಲ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಎಸ್‌ಕ್ಯೂಎಲ್ ಏಜೆಂಟೂ ಇಲ್ಲ. ಟೈಮರ್ ಇರುವ ಫಂಕ್ಷನ್ ಬೇಕು.

ಸ್ಟೋರ್ಡ್ ಪ್ರೊಸೀಜರ್ ತುಂಬ ಬ್ರೋಕರ್ ಕೋಡೇ ಇದ್ದರೆ ನಾನಾಗಿದ್ದರೆ ಮ್ಯಾನೇಜ್ಡ್ ಇನ್‌ಸ್ಟನ್ಸ್‌ಗೆ (ಅಜೂರ್‌ನಲ್ಲೇ ಸಿಗುವ, ಎಸ್‌ಕ್ಯೂಎಲ್ ಸರ್ವರ್‌ಗೆ ಹೆಚ್ಚು ಹತ್ತಿರದ ಸೇವೆ) ಹೋಗುತ್ತೇನೆ. ಅಲ್ಲಿ ಬ್ರೋಕರ್ ಇದೆ, ಆದರೆ ಇನ್‌ಸ್ಟನ್ಸ್ ದಾಟಿದ ಮಾತುಕತೆ ಇನ್ನೊಂದು ಮ್ಯಾನೇಜ್ಡ್ ಇನ್‌ಸ್ಟನ್ಸ್ ಜೊತೆ ಮಾತ್ರ. ನಿಮ್ಮ ಡಾಟ್‌ನೆಟ್ ಕೋಡ್‌ನಲ್ಲಿ ಎಸ್‌ಕ್ಯೂಎಲ್‌ಡಿಪೆಂಡೆನ್ಸಿ (ಡೇಟಾ ಬದಲಾದರೆ ಆಪ್‌ಗೆ ತಿಳಿಸುವ ಕ್ಲಾಸ್) ಇದೆಯಾ ಅಂತಲೂ ಹುಡುಕಿ. ಅದರ ಹಿಂದೆಯೂ ಬ್ರೋಕರ್ ಇದೆ.

ಬದಲಾಯಿಸುವ ದಿನ ಮೊದಲು ಕಳಿಸುವುದನ್ನು ನಿಲ್ಲಿಸಿ. ಹಳೆಯ ಕ್ಯೂಗಳೂ ಟ್ರಾನ್ಸ್‌ಮಿಷನ್ ಕ್ಯೂವೂ (ಬ್ರೋಕರ್ ಇನ್ನೂ ತಲುಪಿಸದ ಮೆಸೇಜ್‌ಗಳಿರುವ ಜಾಗ) ಖಾಲಿಯಾದ ಮೇಲೆ ಮಾತ್ರ ಹೊಸದಕ್ಕೆ ತಿರುಗಿಸಿ. ಸುಗ್ಗಿಯಲ್ಲಂತೂ ಬೇಡವೇ ಬೇಡ.