ಟೇಪಿನಲ್ಲಿ ಮುಗುಳ್ನಗೆ ಕೇಳಿಸುತ್ತದೆಯೇ?

ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ರಾಕ್ ಬ್ಯಾಂಡಿನ ಕಛೇರಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹುಬ್ಬಳ್ಳಿಯ 24 ವರ್ಷದ ಹುಡುಗನೊಬ್ಬ ಇದನ್ನೆಲ್ಲ ಕೂತು ಕೇಳಿದ್ದಾನಲ್ಲ ಅಂತ ಖುಷಿಯಾಯಿತು. ಭಾಷೆ ಚೊಕ್ಕಟ, ಇಸವಿಗಳು ಸರಿ. ಆದರೆ ಎರಡನೇ ಪುಟಕ್ಕೆ ಬಂದಾಗ ಸಿಟ್ಟು ಬಂತು.

1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ನೀವು ಬರೆಯುತ್ತೀರಿ: ‘ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಜನ ಉಸಿರು ಬಿಗಿಹಿಡಿದು ಕೂತಿದ್ದರು.’ ಕೂತಿದ್ದರಾ? ಆ ಬ್ಯಾಂಡಿನ ಮುಂದೆ ಜನ ಎದ್ದು ಕುಣಿಯುತ್ತಿದ್ದರು ಮಾರಾಯರೇ. ಮುಂದಿನ ಸಾಲು: ‘ಜೆರ್ರಿ ಗಾರ್ಸಿಯಾ ಕಣ್ಣು ಮುಚ್ಚಿ, ಮುಗುಳ್ನಕ್ಕು ಗಿಟಾರ್ ಮೀಟಿದರು.’ ನೀವು ಕೇಳಿದ್ದು ಟೇಪು. ಅದರಲ್ಲಿ ಮುಗುಳ್ನಗೆ ಎಲ್ಲಿ ಕೇಳಿಸಿತು? ಅದರ ಮುಂದಿನದು: ‘ವರ್ಣಿಸಲು ಪದಗಳೇ ಸಾಲವು.’ ಸಾಲದಿದ್ದರೆ ಏಳು ಪುಟ ಕಳಿಸಿದ್ದು ಯಾಕೆ?

ನಾನೂ ಇದೇ ಕಳ್ಳತನ ಮಾಡಿದವನು. ಪತ್ರಿಕೆ ಸೇರಿದ ಹೊಸತು. ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತ. ನಡುರಾತ್ರಿ ದಾಟಿದ ಮೇಲೆ ಕಂಬಕ್ಕೆ ಒರಗಿದವನು ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ಆದರೂ ‘ಶ್ರೋತೃಗಳು ಬೆಳಗಿನವರೆಗೆ ಮಂತ್ರಮುಗ್ಧರಾಗಿದ್ದರು’ ಅಂತ ಬರೆದುಕೊಟ್ಟೆ. ನಮ್ಮ ಹಿರಿಯ ಉಪಸಂಪಾದಕರು ಕನ್ನಡಕದ ಮೇಲಿಂದ ನೋಡಿ ಕೇಳಿದರು: ‘ತಮ್ಮಾ, ನಡುವ ಚಾ ಕುಡಿಯಾಕ ಎಷ್ಟ್ ಮಂದಿ ಎದ್ದ್ ಹೋಗಿದ್ರು?’ ನಾನು ಬಾಯಿ ಬಿಡಲಿಲ್ಲ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಆ ಸಾಲಿಗೆ ಕೆಂಪು ಗೆರೆ ಎಳೆದು, ‘ನಿದ್ದಿ ಹತ್ತಿತು ಅಂತರ ಬರೀಬೇಕಿತ್ತು’ ಅಂದರು. ಒಂದು ವಾರ ಅವರ ಎದುರಿಗೆ ಹೋಗಲಿಲ್ಲ ನಾನು.

ನಿಮ್ಮ ಐದನೇ ಪುಟದಲ್ಲಿ ಒಂದು ಸಾಲಿದೆ: ‘ಚಿಗರಿ ಬಸ್ಸಿನಲ್ಲಿ ಉಣಕಲ್ ಕೆರೆ ಹತ್ತಿರ ಹಚ್ಚಿದ ಹಾಡು ಸತ್ತೂರು ಬಂದರೂ ಮುಗಿದಿರಲಿಲ್ಲ.’ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಸ್ಸು ಅದು. ಇಡೀ ಲೇಖನದಲ್ಲಿ ನೀವು ಖುದ್ದು ಇದ್ದದ್ದು ಇಲ್ಲಿ ಮಾತ್ರ. ಅದನ್ನು ಯಾಕೆ ಹಿಂದೆ ಬಚ್ಚಿಟ್ಟಿರಿ? ಟೇಪ್ ಕೇಳಿದವನು ಅಂತ ಹೇಳಿಕೊಳ್ಳಲು ನಾಚಿಕೆಯೇ? ಈ ಬ್ಯಾಂಡು ಅಭಿಮಾನಿಗಳಿಗೆ ಟೇಪ್ ಮಾಡಿಕೊಳ್ಳಲು ಬಿಡುತ್ತಿತ್ತು. 1984ರಿಂದ ಅವರಿಗೆ ಸಭೆಯಲ್ಲಿ ಬೇರೆ ಜಾಗವನ್ನೇ ಕೊಟ್ಟಿತ್ತು. ಅಲ್ಲಿಗೆ ಹೋಗದೆ ಕೇಳಿದವರೂ ಈ ಕಥೆಯೊಳಗಿನವರೇ, ಅಲ್ವಾ?

ಬಾರ್ಟನ್ ಹಾಲ್‌ನ ಆ ರಾತ್ರಿಯ ‘ಸ್ಕಾರ್ಲೆಟ್ ಬಿಗೋನಿಯಾಸ್’ ಹಾಡು ನಿಲ್ಲದೆ ‘ಫೈರ್ ಆನ್ ದ ಮೌಂಟನ್’ ಆಗುತ್ತದೆ. ಎರಡೂ ಸೇರಿ 25 ನಿಮಿಷಕ್ಕೂ ಜಾಸ್ತಿ. ಎರಡನೆಯ ಹಾಡಿನಲ್ಲಿ ಇರುವುದು ಬರೀ ಎರಡು ಕಾರ್ಡು, ಅಂದರೆ ಎರಡೇ ಸ್ವರಗುಚ್ಛ. ಗಿಟಾರ್ ದನಿ ಬಾಯಿ ತೆರೆದು ಮುಚ್ಚಿದ ಹಾಗೆ ‘ವಾವ್ ವಾವ್’ ಅನ್ನುತ್ತದೆ. ಒಂದು ಹಾಡು ಬಿಟ್ಟು ಇನ್ನೊಂದು ಹಿಡಿದದ್ದು ನಿಮಗೆ ಯಾವಾಗ ಗೊತ್ತಾಯಿತು? ನವನಗರದಲ್ಲೋ, ರಾಯಾಪುರದಲ್ಲೋ? ಮೊದಲು ಕಿವಿಗೆ ಬಿದ್ದದ್ದು ಬಾಸೋ, ಡ್ರಮ್ಮೋ? ಇದನ್ನು ನೀವು ‘ಮಾಂತ್ರಿಕ ಸಂಗಮ’ ಅಂತ ಎರಡೇ ಪದದಲ್ಲಿ ಮುಗಿಸಿದ್ದೀರಿ.

ಈ ಬ್ಯಾಂಡಿನ ಸಂಗೀತವನ್ನು ನೀವು ಜುಗಲ್‌ಬಂದಿಗೆ ಹೋಲಿಸಿದ್ದರ ಬಗ್ಗೆ ಈಗ ಜಗಳ ಬೇಡ. ಇವರ ಡ್ರಮ್ಮರ್ ಮಿಕಿ ಹಾರ್ಟ್ 1976ರಲ್ಲೇ ತಬಲಾ ವಾದಕ ಜಾಕಿರ್ ಹುಸೇನ್ ಜೊತೆ ಆಲ್ಬಂ ತಂದವರು. ಬೇಕಾದರೆ ಅಲ್ಲಿಂದ ಹಿಡಿಯಿರಿ.

ಹಿಮ ಬಿಟ್ಟುಬಿಡಿ. ಇನ್ನೊಮ್ಮೆ ಚಿಗರಿ ಹತ್ತಿ, ಕಿಟಕಿ ಪಕ್ಕ ಕೂತು ಅದೇ ಟೇಪು ಹಚ್ಚಿ, ಟಿಕೆಟ್ಟಿನ ಹಿಂದೆ ಗುರುತು ಹಾಕಿಕೊಳ್ಳಿ. ಮೂರು ಪುಟ ಸಾಕು. ದಸರೆಯ ಒಳಗೆ ಕಳಿಸಿ.