ಹಿರೋಶಿಮಾ ಲೇಖನ ಕಳಿಸಿದವರಿಗೆ

ನಮಸ್ಕಾರ,

ನಿಮ್ಮ ಹಿರೋಶಿಮಾ ಪ್ರವಾಸದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕೋಕೆ ಆಗಲ್ಲ. 'ಚೆನ್ನಾಗಿದೆ, ಜಾಗ ಇಲ್ಲ' ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಡುವೆ ಎಲ್ಲೋ ನಾಲ್ಕು ಸಾಲು ನಿಜಕ್ಕೂ ಚೆನ್ನಾಗಿ ಬಂದಿವೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

'1945ರ ಆಗಸ್ಟ್ 6, ಬೆಳಗ್ಗೆ 8.15' ಅಂತ ಶುರು ಮಾಡಿದ್ದೀರಿ. 'ಯುದ್ಧ ಬೇಡ, ಬುದ್ಧ ಬೇಕು' ಅಂತ ಮುಗಿಸಿದ್ದೀರಿ. ನಡುವೆ ಫೀನಿಕ್ಸ್ ಹಕ್ಕಿ ಎರಡು ಸಲ ಬಂದು ಹೋಗುತ್ತೆ. ಇದನ್ನು ಬರೆಯೋಕೆ ವೀಸಾ ಮಾಡಿಸಿ, ಸಾಲ ಮಾಡಿ ಜಪಾನಿಗೆ ಹೋಗಬೇಕಿತ್ತಾ? ಬಸವನಗುಡಿಯಲ್ಲಿ ಕೂತೇ ಬರೆಯಬಹುದಿತ್ತು. ಶಾಂತಿ ಬೇಕು ಅನ್ನೋದನ್ನು ಓದುಗರು ಆಗಲೇ ಒಪ್ಪಿಕೊಂಡಿರುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಬೇರೆ: ಸುಟ್ಟು ಬೂದಿಯಾದ ಊರನ್ನು ಯಾರು, ಯಾವ ದುಡ್ಡಲ್ಲಿ, ಯಾರನ್ನು ಎಬ್ಬಿಸಿ ಮತ್ತೆ ಕಟ್ಟಿದರು?

ಇದಕ್ಕೆ ನಿಮ್ಮಲ್ಲಿರುವ ಉತ್ತರ 'ಜಪಾನೀಯರ ಶಿಸ್ತು' ಅನ್ನೋ ಎರಡು ಪದ. ಶಿಸ್ತಿನಿಂದ ಸೇತುವೆ ಏಳಲ್ಲ. ಬಾಂಬ್ ಬಿದ್ದ ಆರು ವಾರಕ್ಕೆ, ಸೆಪ್ಟೆಂಬರ್ 17ರಂದು, ಅದೇ ಊರಿಗೆ ದೊಡ್ಡ ಚಂಡಮಾರುತ ಬಡಿಯಿತು. ಬಾಂಬಿಗೆ ಬೀಳದೆ ನಿಂತಿದ್ದ ಸೇತುವೆಗಳೂ ಕೆಲವು ನೀರಲ್ಲಿ ಕೊಚ್ಚಿಹೋದವು. ನಗರಸಭೆ ಕೈಯಲ್ಲಿ ದುಡ್ಡಿರಲಿಲ್ಲ. 1949ರಲ್ಲಿ ಹಿರೋಶಿಮಾಗಾಗಿಯೇ ಒಂದು ಕಾನೂನು ಮಾಡಿದರು, ಊರಿನ ಜನರ ಮತ ಕೇಳಿ. ಸೇನೆಯ ಹಳೇ ಜಾಗವೂ ಸೇರಿದಂತೆ ಸರ್ಕಾರಿ ಆಸ್ತಿ ನಗರಕ್ಕೆ ಪುಕ್ಕಟೆ ಸಿಗೋ ದಾರಿ ಆಯಿತು. ನೀವು ನಡೆದ ಆ ನೂರು ಮೀಟರ್ ಅಗಲದ ರಸ್ತೆ ತಾನಾಗಿ ಹುಟ್ಟಿದ್ದಲ್ಲ. ಇನ್ನೊಂದು ಕಡೆ, ಮನೆ ಕಳೆದುಕೊಂಡವರು ಮೊತೊಮಾಚಿ ಅನ್ನೋ ಬಡಾವಣೆಯ ಹೊಳೆ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು ಬಹಳ ವರ್ಷ ಇದ್ದರು. ಅದಕ್ಕೆ 'ಅಣುಬಾಂಬ್ ಸ್ಲಮ್' ಅಂತಲೇ ಹೆಸರು ಬಿದ್ದಿತ್ತು. ಅಲ್ಲಿ ಎತ್ತರದ ವಸತಿ ಕಟ್ಟಡಗಳ ಕೆಲಸ ಮುಗಿದದ್ದು 1978ಕ್ಕೆ. ಲೆಕ್ಕ ಹಾಕಿ, ಬಾಂಬ್ ಬಿದ್ದು ಮೂವತ್ತಮೂರು ವರ್ಷ! ನಿಮ್ಮ ಲೇಖನದಲ್ಲಿ ಊರು ಒಂದು ಪ್ಯಾರಾದಲ್ಲಿ ಎದ್ದು ನಿಂತುಬಿಟ್ಟಿದೆ.

ಶಾಂತಿ ಉದ್ಯಾನವನ್ನು 'ಖಾಲಿ ಬಯಲಲ್ಲಿ ಬೆಳೆದ ಹಸಿರು' ಅಂದಿದ್ದೀರಿ. ಇದು ತಪ್ಪು. ಆ ಜಾಗ ನಕಾಜಿಮಾ ಅನ್ನೋ ಬಡಾವಣೆ. ಅಂಗಡಿ, ಮನೆ, ದೇವಸ್ಥಾನ, ಜನ ತುಂಬಿದ ಪೇಟೆ. ಅದರ ಮೇಲೆ ಮಣ್ಣು ಹಾಕಿ ಉದ್ಯಾನ ಮಾಡಿದ್ದಾರೆ. ಸುಟ್ಟು ಕರಿಯಾದ ಮನೆಗಳ ನೆಲವನ್ನು ಅಗೆದು ತೆಗೆದು 2022ರಿಂದ ಅಲ್ಲೇ ತೋರಿಸುತ್ತಿದ್ದಾರೆ, ನೀವು ಅದರ ಪಕ್ಕದಲ್ಲೇ ಹಾದುಹೋಗಿರುತ್ತೀರಿ. ಬಾಂಬ್ 'ಗುಮ್ಮಟದ ಮೇಲೆ ಬಿತ್ತು', ಅಂದರೆ ಪಾಳುಬಿದ್ದು ಇವತ್ತಿಗೂ ನಿಂತಿರುವ ಆ ಗುಮ್ಮಟದ ಕಟ್ಟಡದ ಮೇಲೆ, ಅನ್ನೋದೂ ತಪ್ಪು. ಅದು ಸಿಡಿದದ್ದು ಸುಮಾರು 600 ಮೀಟರ್ ಎತ್ತರದಲ್ಲಿ, ಗುಮ್ಮಟದ ಆಚೆ ಬೀದಿಯಲ್ಲಿದ್ದ ಶಿಮಾ ಆಸ್ಪತ್ರೆಯ ಮೇಲೆ. ಈಗಲೂ ಆ ಜಾಗದಲ್ಲಿ ಕ್ಲಿನಿಕ್ ಇದೆ, ಹೊರಗೆ ಒಂದು ಸಣ್ಣ ಫಲಕ. ಇನ್ನು ಗುಮ್ಮಟ: 'ಅದನ್ನು ಪೂಜ್ಯಭಾವದಿಂದ ಕಾಪಾಡಿದರು' ಅಂತ ಬರೆದಿದ್ದೀರಿ. ನೋಡಿದರೆ ಸಂಕಟ ಆಗುತ್ತೆ, ಕೆಡವಿಬಿಡಿ ಅಂದವರು ಅದೇ ಊರಲ್ಲಿದ್ದರು. ಉಳಿಸಬೇಕು ಅಂತ ನಗರಸಭೆ ನಿರ್ಣಯ ಮಾಡಿದ್ದು 1966ರಲ್ಲಿ.

ನನಗೆ ಜಾಸ್ತಿ ಬೇಸರ ತರಿಸಿದ್ದು ಬೇರೆ. ಉದ್ಯಾನದ ರೆಸ್ಟ್ ಹೌಸ್‌ನಲ್ಲಿ ಕೂತು ತಂಪಾಗಿ ಏನೋ ಕುಡಿದು ಫೋನ್ ಚಾರ್ಜ್ ಮಾಡಿಕೊಂಡೆ ಅಂತ ಬರೆದಿದ್ದೀರಿ. ಆ ಕಟ್ಟಡದ ನೆಲಮಾಳಿಗೆಗೆ ಇಳಿದಿದ್ದಿರಾ? 1929ರಲ್ಲಿ ಕಿಮೋನೋ ಅಂಗಡಿಗೆ ಅಂತ ಕಟ್ಟಿದ್ದು ಅದು, ಯುದ್ಧದ ಹೊತ್ತಿಗೆ ಇಂಧನ ಪಡಿತರದ ಕಚೇರಿಯಾಗಿತ್ತು. ಆವತ್ತು ಬೆಳಗ್ಗೆ ಎಯಿಜೊ ನೊಮುರಾ ಅನ್ನೋ ನೌಕರ ಯಾವುದೋ ಕಾಗದಪತ್ರ ತರೋಕೆ ಕೆಳಗಿಳಿದಿದ್ದರು. ಬಾಂಬ್ ಸಿಡಿದ ಜಾಗ ಅಲ್ಲಿಂದ ಸುಮಾರು 170 ಮೀಟರ್. ಅವರು ಬದುಕಿದರು, 1982ರವರೆಗೆ. ಮೇಲಿದ್ದ ಸಹೋದ್ಯೋಗಿಗಳು ಉಳಿಯಲಿಲ್ಲ. ಆ ನೆಲಮಾಳಿಗೆಯನ್ನು ಹಾಗೇ ಇಟ್ಟಿದ್ದಾರೆ. ಫೋನ್ ಚಾರ್ಜ್ ಆಗೋವರೆಗೆ ಕಾಯುತ್ತಿದ್ದಿರಿ, ಕಾಲ ಕೆಳಗೇ ಒಂದು ಲೇಖನ ಇತ್ತು.

ಶಾಂತಿ ಬಗ್ಗೆ ಬರೆಯಲೇಬೇಕಾ? ಬರೆಯಿರಿ, ಆದರೆ ಕಷ್ಟದ ಕಡೆಯಿಂದ ಬರೆಯಿರಿ. ಹಿರೋಶಿಮಾ ಸೇನೆಯ ಊರಾಗಿತ್ತು. ಉಜಿನಾ ಬಂದರಿನಿಂದ 1894ರಿಂದಲೇ ಸೈನಿಕರು ಏಷ್ಯಾದ ಬೇರೆ ದೇಶಗಳಿಗೆ ಹಡಗು ಹತ್ತುತ್ತಿದ್ದರು. ಅದನ್ನು ಹೇಳಿದರೆ ಸತ್ತವರ ದುಃಖ ಕಮ್ಮಿಯಾಗಲ್ಲ, ಬಾಂಬ್ ಹಾಕಿದ್ದು ಸರಿ ಅಂತಲೂ ಆಗಲ್ಲ. ಹಾಗೇ ಸತ್ತವರೆಲ್ಲ ಜಪಾನೀಯರಲ್ಲ. ಕೊರಿಯಾದಿಂದ ಬಂದಿದ್ದ, ಕೆಲಸಕ್ಕೆ ಅಂತ ಬಲವಂತವಾಗಿ ತಂದಿದ್ದ ಸಾವಿರಾರು ಜನರೂ ಇದ್ದರು. ಅವರ ಸ್ಮಾರಕ 1970ರಲ್ಲಿ ಆದದ್ದು ಉದ್ಯಾನದ ಹೊರಗೆ, ಹೊಳೆಯ ಆಚೆ. ಒಳಗೆ ಬಂದದ್ದು 1999ರಲ್ಲಿ. ಶಾಂತಿಯ ಉದ್ಯಾನಕ್ಕೂ ಬೇಲಿ ಇತ್ತು ಅಂತ ಆಯಿತಲ್ಲ? ಇಲ್ಲಿ ನಿಮ್ಮ ಅಭಿಪ್ರಾಯ ಏನು ಅಂತ ಓದೋಕೆ ನನಗೆ ಆಸೆ ಇದೆ. ಶಾಂತಿಯ ಗುರುತಿಗೆ ಅಂತ ಮಡಚಿಡೋ ಕಾಗದದ ಕೊಕ್ಕರೆ ಬಗ್ಗೆ ಎಲ್ಲರೂ ಬರೆದಾಗಿದೆ, ಬಿಡಿ.

ಈಗ ಆ ನಾಲ್ಕು ಸಾಲು. ಒಕೊನೊಮಿಯಾಕಿ (ಹಿಟ್ಟು, ಎಲೆಕೋಸು ಹಾಕಿ ಕಾವಲಿಯಲ್ಲಿ ಬೇಯಿಸೋ ದೋಸೆಯಂಥ ತಿಂಡಿ) ಅಂಗಡಿಯ ಅಜ್ಜಿಗೆ 'ಹಂದಿ ಬೇಡ, ಮೀನು ಬೇಡ, ಮೊಟ್ಟೆ ಓಕೆ' ಅಂತ ಕೈಸನ್ನೆಯಲ್ಲಿ ಹೇಳೋಕೆ ಹೋಗಿ, ಆಕೆ ನಕ್ಕು ಇನ್ನೊಂದು ಹಿಡಿ ಎಲೆಕೋಸು ಸುರಿದು, ಸಟ್ಟುಗದಲ್ಲಿ ಒತ್ತಿ ಒತ್ತಿ ಬೇಯಿಸಿದ್ದು. ಕಾವಲಿಯ ಬಿಸಿಗೆ ನಿಮ್ಮ ಕನ್ನಡಕ ಮಂಜಾದದ್ದು. ಇಲ್ಲಿ ನೀವು ಉಪದೇಶ ಮಾಡೋದನ್ನು ಮರೆತಿದ್ದೀರಿ, ಅದಕ್ಕೇ ಚೆನ್ನಾಗಿದೆ. ಆ ತಿಂಡಿಯ ಹಿಂದೆಯೂ ಯುದ್ಧ ಇದೆ. ಅಕ್ಕಿ ಸಿಗದ ಕಾಲದಲ್ಲಿ ಅಮೆರಿಕದಿಂದ ಬಂದ ಗೋಧಿ ಹಿಟ್ಟು, ಅಗ್ಗದ ಎಲೆಕೋಸು, ಒಂದು ಕಬ್ಬಿಣದ ತಗಡು. ಗಂಡನನ್ನು ಕಳೆದುಕೊಂಡ ಹೆಂಗಸರು ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟರು ಅಂತ ಅಲ್ಲಿನವರು ಹೇಳುತ್ತಾರೆ. ನಾನಾಗಿದ್ದರೆ ಲೇಖನವನ್ನು ಈ ಅಂಗಡಿಯಿಂದಲೇ ಶುರು ಮಾಡುತ್ತಿದ್ದೆ, ಬಾಂಬನ್ನು ಮೂರನೇ ಪ್ಯಾರಾದವರೆಗೆ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಟ್ರಾಮ್ ಹತ್ತಿದ್ದೀರಿ, ಅದಕ್ಕೂ ಅರ್ಧ ಸಾಲು ಕೊಟ್ಟಿದ್ದೀರಿ. ಬಾಂಬ್ ಬಿದ್ದ ಮೂರನೇ ದಿನಕ್ಕೆ, ಆಗಸ್ಟ್ 9ಕ್ಕೆ, ಸ್ವಲ್ಪ ದೂರ ಟ್ರಾಮ್ ಮತ್ತೆ ಓಡಿತ್ತು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಆಗ ಟ್ರಾಮ್ ಕೆಲಸಕ್ಕೆ ಶಾಲೆಯ ವಯಸ್ಸಿನ ಹುಡುಗಿಯರಿಗೆ ತರಬೇತಿ ಕೊಟ್ಟಿದ್ದರು. ಅರ್ಧ ಸಾಲು ಸಾಕಾಗುತ್ತಾ, ನೀವೇ ಹೇಳಿ.

ಮತ್ತೆ ಬರೆದು ಕಳಿಸಿ. ಮೂರು ಸಾವಿರ ಪದ ಬೇಡ, ಅದರ ಅರ್ಧ ಸಾಕು. 'ಮನುಕುಲ' ಅನ್ನೋ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೊಡೆದುಹಾಕಿ. ಆಗಸ್ಟ್ ಸಂಚಿಕೆಗೆ ಬೇಕು ಅಂದರೆ ಜೂನ್ ಕೊನೆಗೆ ನನ್ನ ಕೈ ಸೇರಬೇಕು. ಫೋಟೊಗಳಲ್ಲಿ ಗುಮ್ಮಟದ ಮುಂದೆ ನಿಂತದ್ದು ಬೇಡ, ಅಜ್ಜಿ ಒಪ್ಪಿ ತೆಗೆಸಿಕೊಂಡದ್ದು ಇದ್ದರೆ ಅದನ್ನು ಕಳಿಸಿ.